ನಮ್ಮ ಕೆರೆಗೊಬ್ಬ ನೀರಗಂಟಿ ಬೇಕು

ಇವರಿಗೆ,
ನಮ್ಮೂರ ಕೆರೆಯ ಉಸ್ತುವಾರಿಗೆ ಸಂಬಂಧಪಟ್ಟ ಎಲ್ಲ ಇಲಾಖೆಗಳ ಅಧಿಕಾರಿಗಳಿಗೆ ಹಾಗೂ ಚುನಾಯಿತ ಪ್ರತಿನಿಧಿಗಳಿಗೆ

ವಿಷಯ: ಕೆರೆಯಲ್ಲಿ ಕಯಾಕ್ ಮತ್ತು ಸಾಕುನಾಯಿಗಳಿಗೆ ಹಾಕಿರುವ ನಿಷೇಧ, ಮೋಟಾರ್ ದೋಣಿಗಳಿಗೆ ಸಿಕ್ಕಿರುವ ಅವಕಾಶ ಮತ್ತು ಹಕ್ಕಿಗಳ ರಕ್ಷಣೆ ಕುರಿತು.

ಮಾನ್ಯರೇ,

ಮೈಸೂರಿನ ಹೊರವಲಯದಲ್ಲಿರುವ ನಮ್ಮ ಕೆರೆಯ ಏರಿಯ ಮೇಲೆ ಕಳೆದ ಮಳೆಗಾಲದಲ್ಲಿ ಒಂದು ಫಲಕ ಎದ್ದು ನಿಂತಿತು. ‘ಪಕ್ಷಿಗಳ ಹಿತದೃಷ್ಟಿಯಿಂದ ಖಾಸಗಿ ದೋಣಿ ಮತ್ತು ಸಾಕುನಾಯಿಗಳಿಗೆ ಪ್ರವೇಶವಿಲ್ಲ’ ಎಂದು ಅದರಲ್ಲಿ ಬರೆದಿದೆ. ಹಾಕಿಸಿದ ಇಲಾಖೆಯ ಹೆಸರಿಲ್ಲ, ಆದೇಶದ ಸಂಖ್ಯೆಯಿಲ್ಲ, ದಿನಾಂಕವಿಲ್ಲ. ಹಕ್ಕಿಗಳ ಹಿತ ಎಂದಮೇಲೆ ನಾವು ಮರುಮಾತಾಡದೆ ದೋಣಿ ಎತ್ತಿಟ್ಟೆವು. ಆದರೆ ದಸರೆಯ ಹೊತ್ತಿಗೆ ಅದೇ ಏರಿಯ ಪಕ್ಕದಲ್ಲಿ ಗುತ್ತಿಗೆದಾರರೊಬ್ಬರ ಟಿಕೆಟ್ ಕೌಂಟರ್ ಬಂತು. ಸ್ಪೀಡ್ ಬೋಟು, ಜೆಟ್ ಸ್ಕೀ, ಹಗ್ಗ ಕಟ್ಟಿ ಎಳೆದೊಯ್ಯುವ ಗಾಳಿ ತುಂಬಿದ ಬೋಟು ನೀರಿಗಿಳಿದವು. ದಡದಲ್ಲಿ ಧ್ವನಿವರ್ಧಕ ಹಾಡತೊಡಗಿತು. ಹಕ್ಕಿಗಳ ಹೆಸರಿನಲ್ಲಿ ಹುಟ್ಟು ಹಾಕುವ ದೋಣಿಗೆ ನಿಷೇಧ, ಮೋಟಾರಿಗೆ ಪರವಾನಗಿ: ಇದು ಯಾವ ನ್ಯಾಯ ಎಂಬುದೇ ನನ್ನ ದೂರು.

ನಾನು ಈ ಕೆರೆಯ ಪಕ್ಕದ ಬಡಾವಣೆಯ ನಿವಾಸಿ. ಗಾಳಿ ತುಂಬುವ ಕಯಾಕ್ ಒಂದನ್ನು ಇಟ್ಟುಕೊಂಡಿದ್ದೇನೆ. ಬೆಳಗಿನ ಜಾವ ನೀರಿಗಿಳಿದು ಬಿಸಿಲೇರುವ ಮುಂಚೆ ಮರಳುವುದು ನನ್ನ ರೂಢಿಯಾಗಿತ್ತು. ಮನೆಯ ನಾಟಿ ನಾಯಿ ಚಿನ್ನಿ ಲೈಫ್ ಜಾಕೆಟ್ ತೊಟ್ಟು ಮುಂದೆ ಕೂರುತ್ತಿದ್ದಳು. ಏರಿಯ ಮೇಲೆ ನಡೆಯುವವರಿಗೆ ಕಾಣುವುದು ಕೆರೆಯ ಅಂಚು ಮಾತ್ರ. ನೀರಿನ ಮಟ್ಟದಲ್ಲಿ ಕೂತು ನೋಡುವವರಿಗೆ ಕೆರೆಯ ಬದುಕೇ ಕಾಣುತ್ತದೆ. ನಾಮದ ಕೋಳಿಗಳ ಜಗಳ, ಕತ್ತನ್ನಷ್ಟೇ ಹೊರಗಿಟ್ಟು ಈಜುವ ಹಾವಕ್ಕಿ, ಜೊಂಡಿನ ಬುಡದಲ್ಲಿ ಮರಿಗಳನ್ನು ಹಿಂದಿಟ್ಟುಕೊಂಡು ಸಾಗುವ ನೇರಳೆ ಜಂಬುಕೋಳಿ ಎಲ್ಲವೂ ಕಣ್ಣಿನ ಮಟ್ಟಕ್ಕೇ ಬರುತ್ತವೆ. ಮನುಷ್ಯರಿಗೆ ಕೆರೆಯ ಮೇಲೆ ಪ್ರೀತಿ ಹುಟ್ಟುವುದು ಹೀಗೆ. ಪ್ರೀತಿ ಹುಟ್ಟಿದ ಜನರೇ ನಾಳೆ ಒತ್ತುವರಿ ಆದಾಗ ದನಿ ಎತ್ತುವವರು.

ಹಾಗೆಂದು ಕಯಾಕಿನಿಂದ ಹಕ್ಕಿಗೆ ತೊಂದರೆಯೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ತೊಂದರೆ ಇದೆ, ಅದು ಎಲ್ಲಿ ಎಂಬುದು ಮುಖ್ಯ. ಮೋಟಾರ್ ದೋಣಿಗೆ ಆಳದ ನೀರು ಬೇಕು. ಕಯಾಕಿಗೆ ಒಂದು ಗೇಣು ನೀರಿದ್ದರೆ ಸಾಕು, ಹಾಗಾಗಿ ಅದು ಜೊಂಡಿನ ಸಂದಿಗೂ ತಾವರೆ ಎಲೆಗಳ ನಡುವಿಗೂ ನುಗ್ಗಬಲ್ಲದು. ಸದ್ದಿಲ್ಲದೆ ಹತ್ತಿರ ಬಂದುಬಿಡುವುದರಿಂದ ಹಕ್ಕಿಗೆ ಎಚ್ಚರಗೊಳ್ಳಲು ಸಮಯವೇ ಸಿಗುವುದಿಲ್ಲ. ಗುಳುಮುಳುಕ ನೀರಿನ ಗಿಡಗಳಿಗೆ ತೇಲುಗೂಡನ್ನು ಕಟ್ಟುತ್ತದೆ. ಗೂಡು ಬಿಟ್ಟು ಹೋಗುವಾಗ ಮೊಟ್ಟೆಗಳ ಮೇಲೆ ಕಳೆ ಎಳೆದು ಮುಚ್ಚುತ್ತದೆ. ಬೆಚ್ಚಿ ಓಡಿದರೆ ಮುಚ್ಚುವುದಕ್ಕೆ ಬಿಡುವಿರುವುದಿಲ್ಲ, ಮೊಟ್ಟೆಗಳು ಕಾಗೆ-ಹದ್ದುಗಳ ಕಣ್ಣಿಗೆ ಬೀಳುತ್ತವೆ. ಉದ್ದ ಬಾಲದ ದೇವನಕ್ಕಿ ಮಳೆಗಾಲದಲ್ಲಿ ತೇಲುವ ಎಲೆಗಳ ಮೇಲೆಯೇ ನಾಲ್ಕು ಮೊಟ್ಟೆಯಿಡುತ್ತದೆ. ಕಾವು ಕೊಡುವುದೂ ಮರಿ ಸಾಕುವುದೂ ಗಂಡು. ಅದನ್ನು ಪದೇ ಪದೇ ಎಬ್ಬಿಸಿದರೆ ಆ ಮೊಟ್ಟೆಗಳಿಗೆ ಬೇರೆ ದಿಕ್ಕಿಲ್ಲ. ಆದ್ದರಿಂದ ಜೊಂಡಿನ ಭಾಗಕ್ಕೆ ಯಾರೂ ಹೋಗಬಾರದು, ನಾನೂ ಹೋಗಬಾರದು. ಈ ನಿರ್ಬಂಧವನ್ನು ನಾನು ಮನಸಾರೆ ಒಪ್ಪುತ್ತೇನೆ.

ಈಗ ಮೋಟಾರಿನ ಮಾತು. ಅದು ಗೂಡಿನ ಹತ್ತಿರ ಹೋಗದಿದ್ದರೂ ಅದರ ಅಲೆ ಹೋಗುತ್ತದೆ. ತೇಲುಗೂಡು ಅಲುಗಿ ಮೊಟ್ಟೆ ನೀರಿಗುರುಳಲು ದೊಡ್ಡ ಅಲೆಯೇನೂ ಬೇಕಿಲ್ಲ. ಚಳಿಗಾಲದಲ್ಲಿ ಹಾನಿ ಬೇರೆ ಬಗೆಯದು. ಹದಿನಾರು ಎಂಬ ಊರಿನ ಕೆರೆಗೂ ಮೈಸೂರು ಸುತ್ತಿನ ಇತರ ಕೆರೆಗಳಿಗೂ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್‌ ಕಡೆಯಿಂದ ಬರುತ್ತವೆ. ಹಿಮಾಲಯ ದಾಟುವಾಗ 7,000 ಮೀಟರ್‌ಗೂ ಎತ್ತರದಲ್ಲಿ ಅವು ಹಾರಿದ್ದು ದಾಖಲಾಗಿದೆ. ಅಷ್ಟು ದೂರದಿಂದ ಬಂದ ಹಕ್ಕಿಗೆ ಹಗಲಿನ ವಿಶ್ರಾಂತಿಯೂ ಆಹಾರದಷ್ಟೇ ಮುಖ್ಯ. ಮಾರ್ಚ್ ಹೊತ್ತಿಗೆ ಮರಳಿ ಹೊರಡಲು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು. ಪ್ರತಿ ಸಲ ಹಿಂಡು ಎದ್ದು ಸುತ್ತಿ ಇಳಿದಾಗ ಕೂಡಿಸಿದ್ದು ಕರಗುತ್ತದೆ. ಈ ಚಳಿಗಾಲದ ಶನಿವಾರ, ಭಾನುವಾರಗಳಂದು ನಮ್ಮ ಕೆರೆಯ ಬಾತುಗಳು ಬೆಳಗಿನಿಂದ ಸಂಜೆಯವರೆಗೆ ನೆಮ್ಮದಿಯಾಗಿ ಕೂತದ್ದನ್ನು ನಾವು ಏರಿಯ ಮೇಲೆ ನಿಂತು ನೋಡಲಿಲ್ಲ.

ಈ ಬಗ್ಗೆ ವಿಚಾರಿಸಲು ನಾನು ಹತ್ತಿದ ಮೆಟ್ಟಿಲುಗಳ ಕಥೆಯನ್ನೂ ತಾವು ಕೇಳಬೇಕು. ನೀರಾವರಿಯವರನ್ನು ಕೇಳಿದರೆ, ‘ಏರಿ, ತೂಬು, ಕೋಡಿ ನಮ್ಮದು, ದೋಣಿ ನಮ್ಮದಲ್ಲ’ ಎಂದರು. ಮೀನುಗಾರಿಕೆಯವರು ಮೀನಿನ ಗುತ್ತಿಗೆ ಮಾತ್ರ ತಮ್ಮದು ಎಂದರು. ಅರಣ್ಯದವರು ಇದು ಅರಣ್ಯ ಪ್ರದೇಶವಲ್ಲ ಎಂದರು. ಸ್ಥಳೀಯ ಸಂಸ್ಥೆಯಿಂದ ‘ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಬಂತು. ಮಾಹಿತಿ ಹಕ್ಕಿನಡಿ ನಿಷೇಧದ ಆದೇಶದ ಪ್ರತಿ ಕೇಳಿದೆ. ಕಡತ ಲಭ್ಯವಿಲ್ಲ ಎಂಬ ಉತ್ತರ ಸಿಕ್ಕಿತು. ಆದೇಶವೇ ಇಲ್ಲದ ನಿಷೇಧಕ್ಕೆ ನಾವು ತಲೆಬಾಗಿದ್ದೇವೆ.

ಕಾನೂನಿನಲ್ಲೂ ನಮ್ಮ ಕೆರೆ ನಡುವೆ ಸಿಕ್ಕಿಹಾಕಿಕೊಂಡಿದೆ. ಕೇಂದ್ರದ 2017ರ ಜೌಗುಪ್ರದೇಶ ನಿಯಮಗಳ ವ್ಯಾಖ್ಯೆಯಲ್ಲಿ ನೀರಾವರಿಗೆಂದೇ ಕಟ್ಟಿದ ಜಲಾಶಯಗಳು ಸೇರುವುದಿಲ್ಲ. ನಮ್ಮ ನಾಡಿನ ಬಹುಪಾಲು ಕೆರೆಗಳು ಗದ್ದೆಗೆ ನೀರುಣಿಸಲು ಕಟ್ಟಿದವೇ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲ ಕೆರೆಗೂ ಅನ್ವಯಿಸುತ್ತದೆ. ಕಾಡುಹಕ್ಕಿಯ ಗೂಡು, ಮೊಟ್ಟೆಗಳಿಗೆ ಅಡಚಣೆ ಮಾಡುವುದನ್ನೂ ಆ ಕಾಯ್ದೆ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಅದನ್ನು ಕಯಾಕ್ ಇಟ್ಟವರಿಗೆ ಅನ್ವಯಿಸಿ, ಟಿಕೆಟ್ ಮಾರುವವರಿಗೂ ಅನ್ವಯಿಸಿ. ಬೆಂಗಳೂರಿನ ಹೆಬ್ಬಾಳ, ನಾಗವಾರ ಮೊದಲಾದ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟದ್ದನ್ನು ಪ್ರಶ್ನಿಸಿ 2008ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯ ವರದಿ ಬಂದು, 2012ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಅದಾಗಿ ಇಷ್ಟು ವರ್ಷಗಳ ಮೇಲೂ ಒಂದು ಕೆರೆಯ ನೀರಿನ ಮೇಲೆ ಯಾರಿಗೆ ಯಾವ ಹಕ್ಕು ಎಂಬುದನ್ನು ಊರಿನ ಜನರಿಗೆ ಹೇಳಬಲ್ಲವರು ಒಬ್ಬರೂ ಸಿಗುವುದಿಲ್ಲ.

ಹಿಂದೆ ಹಾಗಿರಲಿಲ್ಲ. ಪ್ರತಿ ಕೆರೆಗೂ ಒಬ್ಬ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು, ಏರಿ ಬಿರುಕು ಬಿಟ್ಟರೆ ಊರಿಗೆ ತಿಳಿಸುವುದು ಅವನ ಕೆಲಸ. ತಕರಾರಿದ್ದರೆ ಯಾರ ಮನೆಯ ಬಾಗಿಲು ತಟ್ಟಬೇಕೆಂದು ಎಲ್ಲರಿಗೂ ಗೊತ್ತಿತ್ತು. ಈಗ ಇಲಾಖೆಗಳು ಅನೇಕ, ಬಾಗಿಲು ಮಾತ್ರ ಒಂದೂ ಇಲ್ಲ.

ಹೊಣೆ ಹೊರುವವರಿದ್ದರೆ ದೋಣಿಯೂ ಹಕ್ಕಿಯೂ ಜೊತೆಗಿರಬಹುದು ಎಂಬುದಕ್ಕೆ ದೂರದ ಉದಾಹರಣೆ ಬೇಡ. ರಂಗನತಿಟ್ಟಿನ ದ್ವೀಪಗಳು ಹುಟ್ಟಿದ್ದೇ 1645–48ರ ಸುಮಾರಿಗೆ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎನಿಸಿತು. ಅಲ್ಲಿ ಅರಣ್ಯ ಇಲಾಖೆಯ ದೋಣಿಗಳು ಪ್ರವಾಸಿಗರನ್ನು ಕರೆದೊಯ್ಯುತ್ತವೆ. ಹುಟ್ಟು ಹಾಕುವವರಿಗೆ ಯಾವ ದ್ವೀಪಕ್ಕೆ ಎಷ್ಟು ಹತ್ತಿರ ಹೋಗಬಹುದೆಂಬ ಅಂದಾಜಿದೆ. ನದಿಯಲ್ಲಿ ನೀರು ಹೆಚ್ಚಾದರೆ ದೋಣಿವಿಹಾರ ನಿಲ್ಲುತ್ತದೆ. ಬಣ್ಣದ ಕೊಕ್ಕರೆಗಳು ಅಲ್ಲಿ ಇಂದಿಗೂ ಗೂಡು ಕಟ್ಟುತ್ತಿವೆ.

ನಾಯಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿಯೂ ಸತ್ಯವನ್ನು ನೇರವಾಗಿ ನೋಡಬೇಕು. ಆಸ್ಟ್ರೇಲಿಯಾದ ಸಿಡ್ನಿ ಬಳಿಯ ಕಾಡುಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪಟ್ಟಿ ಹಿಡಿದು ನಾಯಿಯನ್ನು ನಡೆಸಿದ ದಾರಿಗಳಲ್ಲಿ ಹಕ್ಕಿಗಳ ಪ್ರಭೇದಗಳು ಶೇ 35ರಷ್ಟು, ಸಂಖ್ಯೆ ಶೇ 41ರಷ್ಟು ಕಡಿಮೆಯಾದದ್ದನ್ನು ಕಂಡಿತು. ಹಕ್ಕಿಗೆ ಸಾಧು ನಾಯಿ, ಕೆಟ್ಟ ನಾಯಿ ಎಂಬ ಭೇದವಿಲ್ಲ. ನಾಯಿ ಎಂದರೆ ಬೇಟೆಯಾಡುವ ಪ್ರಾಣಿ, ಅಷ್ಟೇ. ಹಾಗಾಗಿ ಟಿಟ್ಟಿಭಗಳು ನೆಲದ ಮೇಲೆಯೇ ಮೊಟ್ಟೆಯಿಡುವ ಕೆರೆಯಂಗಳದ ಕಡೆಗೆ ಸಾಕುನಾಯಿಗಳನ್ನು ಬಿಡಲೇಬಾರದು. ಆದರೆ ಏರಿಯ ಬದಿಯ ಆಳ ನೀರಿನಲ್ಲಿ, ದೋಣಿಯೊಳಗೆ, ಮಾಲೀಕರ ಕಾಲ ಬಳಿ ಕೂತ ನಾಯಿಯಿಂದ ಅಂಥ ಹಾನಿಯನ್ನು ನಾನು ಕಂಡಿಲ್ಲ.

ನಿಜವಾದ ಅಪಾಯ ಇರುವುದು ಕೋಡಿಯ ಮೂಲೆಯಲ್ಲಿ. ಅಲ್ಲಿ ರಾತ್ರಿ ಹೊತ್ತು ಕೋಳಿ ಅಂಗಡಿಗಳ ತ್ಯಾಜ್ಯದ ಚೀಲಗಳು ಬೀಳುತ್ತವೆ. ಅದನ್ನು ತಿನ್ನಲು ಬೀದಿನಾಯಿಗಳ ಹಿಂಡು ಸೇರುತ್ತದೆ, ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅದೇ ಹಿಂಡು ಕೆರೆಯಂಗಳಕ್ಕಿಳಿದು ಮೊಟ್ಟೆ, ಮರಿಗಳನ್ನು ಹುಡುಕುತ್ತದೆ. ಫಲಕವನ್ನು ಆ ನಾಯಿಗಳು ಓದುವುದಿಲ್ಲ. ತ್ಯಾಜ್ಯ ಸುರಿಯುವುದನ್ನು ತಡೆಯುವುದೊಂದೇ ಅದಕ್ಕೆ ಮದ್ದು. ಬಡಾವಣೆಗಳ ಒಳಚರಂಡಿ ನೀರೂ ಇದೇ ಕೆರೆ ಸೇರುತ್ತಿದೆ. ಅದರಿಂದ ಜಲಕಳೆ ಹಬ್ಬುತ್ತದೆ, ಬಿಸಿಲಿಗೆ ನೀಲಿ-ಹಸಿರು ಪಾಚಿ ಕಟ್ಟುತ್ತದೆ. ಅಂಥ ಪಾಚಿಯ ಕೆಲವು ಬಗೆಗಳ ವಿಷ ನೀರು ಕುಡಿದ ನಾಯಿಯನ್ನೂ ದನವನ್ನೂ ಕೊಲ್ಲಬಲ್ಲದು.

ಜೀವರಕ್ಷಣೆಯ ವಿಷಯದಲ್ಲಿ ಮೈಮರೆಯುವಂತಿಲ್ಲ. 2024ರ ಜನವರಿಯಲ್ಲಿ ವಡೋದರದ ಹರಣಿ ಕೆರೆಯಲ್ಲಿ ದೋಣಿ ಮಗುಚಿ 12 ಶಾಲಾ ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. 2019ರ ಜನವರಿಯಲ್ಲಿ ನಮ್ಮ ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೂ ಮುಳುಗಿ ಹಲವರು ಜೀವ ಕಳೆದುಕೊಂಡರು. ಇಷ್ಟಾದ ಮೇಲೂ ನಮ್ಮ ಕೆರೆಯಲ್ಲಿ ಟಿಕೆಟ್ ಕೊಂಡವರು ಜಾಕೆಟ್ಟಿನ ಬಕಲ್ ಹಾಕದೆ ಹತ್ತುವುದನ್ನು ಯಾರೂ ತಡೆಯುತ್ತಿಲ್ಲ.

ಈ ಎಲ್ಲವನ್ನೂ ಗಮನಿಸಿ ನಮ್ಮ ಕೋರಿಕೆಗಳು ಇವು:

1. ಕೆರೆಯ ನಕ್ಷೆ ಮಾಡಿ ನೀರಿನ ಮೇಲೆ ತೇಲುಬುಂಡೆಗಳ ಗಡಿ ಎಳೆಯಿರಿ. ಜೊಂಡು, ತಾವರೆಯಿರುವ ಮೇಲ್ಭಾಗ ವರ್ಷವಿಡೀ ಹಕ್ಕಿಗಳಿಗೇ ಇರಲಿ. ನಡುಭಾಗವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೂ, ವಲಸೆ ಹಕ್ಕಿಗಳಿರುವ ತಿಂಗಳುಗಳಲ್ಲೂ ಮುಚ್ಚಿ. ಏರಿಯ ಬದಿಯ ನೀರು ಹುಟ್ಟು ಹಾಕುವ ದೋಣಿಗಳಿಗೆ ತೆರೆದಿರಲಿ. ಮೀನುಗಾರರ ತೆಪ್ಪಗಳ ಹಕ್ಕಿಗೆ ಧಕ್ಕೆಯಾಗದಂತೆ ಅವರನ್ನು ಕೇಳಿಯೇ ಗಡಿ ನಿರ್ಧರಿಸಿ.

2. ರಕ್ಷಣಾ ದೋಣಿಯೊಂದನ್ನು ಬಿಟ್ಟು ಉಳಿದ ಮೋಟಾರ್ ದೋಣಿಗಳನ್ನೂ ಧ್ವನಿವರ್ಧಕವನ್ನೂ ನಿಲ್ಲಿಸಿ.

3. ದೋಣಿ ಯಾರದೇ ಇರಲಿ, ಲೈಫ್ ಜಾಕೆಟ್ ಕಡ್ಡಾಯ ಮಾಡಿ. ಸೂರ್ಯೋದಯಕ್ಕೆ ಮುನ್ನ, ಸೂರ್ಯಾಸ್ತದ ನಂತರ ಯಾರೂ ನೀರಿಗಿಳಿಯದಿರಲಿ.

4. ಸಾಕುನಾಯಿಗೆ ರೇಬೀಸ್ ಮತ್ತು ಇಲಿಜ್ವರದ ಲಸಿಕೆಯ ಚೀಟಿ, ಹಿಡಿಕೆಯಿರುವ ಲೈಫ್ ಜಾಕೆಟ್, ದಡದಲ್ಲಿ ಪಟ್ಟಿ ಕಡ್ಡಾಯವಾಗಲಿ. ದೋಣಿಯಲ್ಲಿ ಮಾತ್ರ ನಾಯಿಯನ್ನು ಕಟ್ಟಬಾರದು. ದೋಣಿ ಮಗುಚಿದರೆ ಆ ಹಗ್ಗವೇ ಅದರ ಜೀವಕ್ಕೆ ಮುಳುವು. ಹತ್ತಿ ಇಳಿಯಲು ಒಂದೇ ಸೋಪಾನ ಗುರುತಿಸಿ.

5. ಕೋಡಿಯ ಮೂಲೆಯ ತ್ಯಾಜ್ಯವನ್ನೂ ಕೆರೆಗೆ ಸೇರುವ ಚರಂಡಿಯನ್ನೂ ತಡೆಯಿರಿ.

6. ಈ ಎಲ್ಲಕ್ಕೂ ಉತ್ತರಿಸುವ ಒಬ್ಬ ಅಧಿಕಾರಿಯನ್ನು ನೇಮಿಸಿ, ಅವರ ಹುದ್ದೆ ಮತ್ತು ದೂರವಾಣಿ ಸಂಖ್ಯೆಯನ್ನು ಆದೇಶದ ಸಂಖ್ಯೆಯೊಂದಿಗೆ ಏರಿಯ ಮೇಲೆ ಬರೆಸಿ.

ಇದಕ್ಕೆ ಪ್ರತಿಯಾಗಿ ನಾವು ಕೈಕಟ್ಟಿ ಕೂರುವವರಲ್ಲ. ಮೀನುಗಾರರು ಬಿಟ್ಟುಹೋದ ಹರಕು ಬಲೆಗಳಲ್ಲಿ ಹಾವಕ್ಕಿ, ನೀರುಕಾಗೆಗಳು ಸಿಕ್ಕಿ ಸಾಯುತ್ತವೆ. ಏರಿಯಿಂದ ಕೈಗೆಟುಕದ ಆ ಬಲೆಗಳನ್ನೂ ಪ್ಲಾಸ್ಟಿಕ್ಕನ್ನೂ ಕಯಾಕಿನಲ್ಲಿ ಹೋಗಿ ತೆಗೆಯಬಲ್ಲೆವು. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿಗೆ ಕೆರೆಯ ಲೆಕ್ಕವನ್ನು ಹಕ್ಕಿ ವೀಕ್ಷಕರೊಂದಿಗೆ ಸೇರಿ ಒದಗಿಸಬಲ್ಲೆವು. ಗಡಿ ದಾಟಿದ ದೋಣಿ ನಮ್ಮವರದೇ ಆದರೂ ಮೊದಲು ದೂರು ಕೊಡುವವರು ನಾವೇ ಆಗಿರುತ್ತೇವೆ.

ಮಳೆಗಾಲ ಬಂದರೆ ದೇವನಕ್ಕಿ ಮತ್ತೆ ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ. ಅಷ್ಟರೊಳಗೆ ರೈತರು, ಮೀನುಗಾರರು, ಹಕ್ಕಿ ವೀಕ್ಷಕರು ಮತ್ತು ದೋಣಿಯವರನ್ನು ಒಂದು ಸಭೆಗೆ ಕರೆಯಿರಿ. ಲಿಖಿತ ಆದೇಶ ಹೊರಡಿಸಿ, ಅದಕ್ಕೆ ಒಬ್ಬರನ್ನು ಹೊಣೆ ಮಾಡಿ. ಆ ಆದೇಶ ನಮ್ಮನ್ನು ಕಟ್ಟಿಹಾಕುವುದಾದರೂ ಪಾಲಿಸುತ್ತೇವೆ, ಎಲ್ಲರನ್ನೂ ಒಂದೇ ಅಳತೆಯಿಂದ ಅಳೆದರೆ ಸಾಕು.

ಇಂತಿ,
ಕೆರೆಯ ಪಕ್ಕದ ಬಡಾವಣೆಯ ನಿವಾಸಿ