ಒಂದು ಅಗುಳಿನ ಪರೀಕ್ಷೆ

ಅನ್ನ ಬೆಂದಿದೆಯೇ ಎಂದು ತಿಳಿಯಲು ಗೃಹಿಣಿಯು ಒಂದು ಅಗುಳನ್ನು ಹಿಸುಕಿ ನೋಡುತ್ತಾಳೆ. ಅಷ್ಟೇ ಸಾಕು, ಒಂದೇ ಉರಿಯಲ್ಲಿ ಬೆಂದ ಅಕ್ಕಿಯು ಅಗುಳಿಗೊಂದು ಬಗೆಯಾಗುವುದಿಲ್ಲ. ಆದರೆ ನಮ್ಮ ಕಾಲಡಿಯ ನೆಲಕ್ಕೆ ಈ ನ್ಯಾಯವು ಸಲ್ಲದು. ಅಡಿಪಾಯ ಹಾಕುವ ಮುನ್ನ ನೆಲವನ್ನು ಕೊರೆದು ಮಣ್ಣಿನ ಬಲವನ್ನು ಅಳೆಯುವವರ ಕಷ್ಟವೆಲ್ಲ ಇಲ್ಲಿಯೇ ಇದೆ. ಅಂಗೈಯಗಲದ ಕೆಲವು ರಂಧ್ರಗಳಲ್ಲಿ ಕಂಡುದರಿಂದ ಅವರು ಕಾಣದ ನೆಲವನ್ನೆಲ್ಲ ಊಹಿಸಬೇಕು.

ಕೆನಡಾ ದೇಶದ ವಿನಿಪೆಗ್ ನಗರದ ಬಳಿ, ಟ್ರಾನ್ಸ್‌ಕೋನಾ ಎಂಬಲ್ಲಿ ರೈಲ್ವೆಯವರು ಗೋಧಿಗಾಗಿ ಭಾರಿ ಕಾಂಕ್ರೀಟ್ ಕಣಜವೊಂದನ್ನು ಕಟ್ಟಿಸಿದರು. ನೆಲವನ್ನು ಪರೀಕ್ಷಿಸದೆ ಕಟ್ಟಿದರೆಂದು ಯಾರೂ ದೂರುವಂತಿಲ್ಲ. ಅಗೆದ ಪಾಯದ ತಳದಲ್ಲಿ ಸಣ್ಣ ಹಲಗೆಯನ್ನಿರಿಸಿ, ಅದರ ಮೇಲೆ ಭಾರ ಹೇರಿ ನೋಡಿದರು. ಜೇಡಿಮಣ್ಣು ಜಗ್ಗಲಿಲ್ಲ. 1913ರ ಸೆಪ್ಟೆಂಬರಿನಲ್ಲಿ ಗೋಧಿಯನ್ನು ತುಂಬತೊಡಗಿದರು. ಅಕ್ಟೋಬರ್ 18ರಂದು ಕಣಜವು ಒಂದು ಗಂಟೆಯೊಳಗೆ ಒಂದಡಿಯಷ್ಟು ಕುಸಿಯಿತು. ಆಮೇಲೆ ಮೆಲ್ಲಮೆಲ್ಲನೆ ಪಶ್ಚಿಮಕ್ಕೆ ವಾಲಿ, ಮರುದಿನದ ವೇಳೆಗೆ ಸುಮಾರು 27 ಡಿಗ್ರಿ ಓರೆಯಾಗಿ ನಿಂತಿತು. ವಿಚಿತ್ರವೆಂದರೆ, ಕಣಜಕ್ಕೆ ಹೇಳಿಕೊಳ್ಳುವಂತಹ ಹಾನಿಯೇನೂ ಆಗಲಿಲ್ಲ. ಕಟ್ಟಿದವರ ಕೈಗೆಲಸ ಅಷ್ಟು ಚೆನ್ನಾಗಿತ್ತು!

ಆದುದೇನು? ಹಲಗೆಯ ಭಾರವು ಅದರ ಅಗಲದ ಒಂದೆರಡು ಪಟ್ಟು ಆಳಕ್ಕೆ ಮಾತ್ರ ತಾಕುತ್ತದೆ. ಅಲ್ಲಿದ್ದುದು ಗಟ್ಟಿ ಜೇಡಿ. ಇಪ್ಪತ್ತಮೂರು ಮೀಟರಿಗೂ ಹೆಚ್ಚು ಅಗಲದ ಕಣಜದ ಭಾರವಾದರೋ ಆಳಕ್ಕಿಳಿದು, ಕೆಳಗೆ ಅಡಗಿದ್ದ ಮೆತ್ತನೆಯ ಜೇಡಿಯನ್ನು ಹೊಕ್ಕಿತು. ಇಂಜಿನಿಯರರು ಬಂಡೆಯವರೆಗೆ ಕಂಬಗಳನ್ನಿಳಿಸಿ, 1914ರಲ್ಲಿ ಕಣಜವನ್ನು ನೆಟ್ಟಗೆ ನಿಲ್ಲಿಸಿದರು. ಅದು ಮತ್ತೆ ಗೋಧಿ ತುಂಬಿಕೊಂಡಿತು. ಅಲ್ಲಿ ಬೋರು ಕೊರೆದು ಆ ಮೆತ್ತನೆಯ ಪದರವನ್ನು ಅಳೆದುದು 1950ರ ಆಚೀಚೆ. ಮದುವೆಯಾದ ಮೇಲೆ ಜಾತಕ ನೋಡಿದಂತಾಯಿತು.

ಹಾಗಾದರೆ ಬೋರು ಕೊರೆದರೆ ಚಿಂತೆಯಿಲ್ಲವೇ? ಬೋರಿನಲ್ಲಿ ನಡೆಸುವ ಬಹುಪ್ರಸಿದ್ಧ ಪರೀಕ್ಷೆಯನ್ನು ನೋಡಿರಿ. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಮಣ್ಣಿನೊಳಗೆ ಕೊಳವೆಯನ್ನು ಹೊಡೆಯುತ್ತಾರೆ. ಮೊದಲ 15 ಸೆಂಟಿಮೀಟರನ್ನು ಲೆಕ್ಕಕ್ಕೆ ಹಿಡಿಯದೆ, ಮುಂದಿನ 30 ಸೆಂಟಿಮೀಟರಿಗೆ ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುತ್ತಾರೆ. ಪೆಟ್ಟು ಹೆಚ್ಚಾದಷ್ಟೂ ನೆಲ ಗಟ್ಟಿ. ಆದರೆ ಹಗ್ಗ ಜಗ್ಗುವ ಆಳು ಮಧ್ಯಾಹ್ನದ ಬಿಸಿಲಿಗೆ ದಣಿದು ಸುತ್ತಿಗೆಯನ್ನು ಅರ್ಧಕ್ಕೇ ಬಿಟ್ಟನೆನ್ನಿ. ಪೆಟ್ಟಿನ ಬಲ ಕುಗ್ಗುತ್ತದೆ, ಎಣಿಕೆ ಏರುತ್ತದೆ. ಆಳಿನ ದಣಿವು ಕಾಗದದ ಮೇಲೆ ನೆಲದ ಗಟ್ಟಿತನವಾಗಿ ಬಿಡುತ್ತದೆ! ಸುತ್ತಿಗೆಯನ್ನು ತಾನೇ ಎತ್ತಿ ತಾನೇ ಬೀಳಿಸುವ ಯಂತ್ರಗಳು ಬಂದಿವೆ. ನಮ್ಮಲ್ಲಿ ಅನೇಕ ಕಡೆ ಹಗ್ಗವೇ ಇನ್ನೂ ಉಳಿದಿದೆ. ಮೀಟರಿಗಿಷ್ಟೆಂದು ದರ ಕಟ್ಟಿ, ಅತಿ ಕಡಮೆ ಕೇಳಿದವನಿಗೆ ಕೆಲಸ ಕೊಡುವ ಪದ್ಧತಿಯಿರುವಾಗ, ನಿಧಾನವಾಗಿ ಎಣಿಸುವವನಿಗೆ ಲಾಭವೆಲ್ಲಿ? ಮಹಡಿಯ ಮೇಲಿನ ಅಮೃತಶಿಲೆಗೆ ಚೌಕಾಸಿ ಮಾಡದ ಯಜಮಾನನು ಪಾಯದ ಕೆಳಗಿನ ಮಣ್ಣಿಗೆ ಮಾತ್ರ ಕಾಸಿಗೆ ಕಾಸು ಲೆಕ್ಕ ಹಾಕುತ್ತಾನೆ.

ನಮ್ಮ ಬೆಂಗಳೂರಿನ ನೆಲದ ಮೋಸ ಬೇರೆ ತೆರನದು. ಲಾಲ್‌ಬಾಗಿನ ಬಂಡೆಯನ್ನು ಕಂಡವರು ಊರೆಲ್ಲ ಕಲ್ಲಿನ ಮೇಲಿದೆಯೆಂದು ಭಾವಿಸುವುದು ಸಹಜ. ಆದರೆ ಆ ಪುರಾತನ ನೈಸ್ ಶಿಲೆಯು ಒಂದೆಡೆ ಆಳದವರೆಗೆ ಶಿಥಿಲವಾಗಿ ಮಣ್ಣಾಗಿದೆ, ಇನ್ನೊಂದೆಡೆ ಗಟ್ಟಿಯಾಗಿಯೇ ಉಳಿದಿದೆ; ನಡುವೆ ಮಣ್ಣಿನಲ್ಲಿ ಹುದುಗಿದ ಗುಂಡುಗಳುಂಟು. ಬೋರು ಇಂತಹ ಗುಂಡಿಗೆ ತಾಗಿದಾಗ ‘ಬಂಡೆ ಸಿಕ್ಕಿತು’ ಎಂದು ಬರೆದು ಎದ್ದುಬಂದರೆ ಕೆಲಸ ಕೆಟ್ಟಿತು. ಇನ್ನೂ ಕೆಲವು ಮೀಟರ್ ಕೊರೆದೇ ನೋಡಬೇಕು. 2017ರ ಜೂನ್ ತಿಂಗಳಲ್ಲಿ ಸಂಚಾರಕ್ಕೆ ತೆರೆದ ಮೆಟ್ರೋ ಸುರಂಗವನ್ನು ಕೊರೆಯುವಾಗ, ‘ಗೋದಾವರಿ’ ಎಂಬ ಯಂತ್ರವು ಊರಿನ ಹೃದಯಭಾಗದಲ್ಲಿ ತಿಂಗಳುಗಟ್ಟಲೆ ಮುಂದೆ ಸಾಗಲಾರದೆ ನಿಂತಿತ್ತು. ಅರ್ಧ ಮಣ್ಣು, ಅರ್ಧ ಬಂಡೆಯಾದ ನೆಲವು ಇಂತಹ ಯಂತ್ರಗಳ ಹಲ್ಲನ್ನು ಸವೆಸಿಬಿಡುತ್ತದೆ.

ಬೋರುಗಳ ನಡುವಣ ನೆಲವನ್ನು ಅರಿಯುವುದಕ್ಕೆ ಈಗ ಉಪಾಯಗಳಿವೆ. ನೆಲಕ್ಕೆ ಪೆಟ್ಟು ಕೊಟ್ಟು, ಅಲೆಗಳು ಎಷ್ಟು ವೇಗದಿಂದ ಸಾಗುತ್ತವೆಂದು ಅಳೆಯುವುದು ಒಂದು. ವಿದ್ಯುತ್ತನ್ನು ಹರಿಸಿ, ನೆಲ ಅದನ್ನೆಷ್ಟು ತಡೆಯುತ್ತದೆಂದು ನೋಡುವುದು ಇನ್ನೊಂದು. ಒಳ್ಳೆಯ ಉಪಾಯಗಳೇ. ಆದರೆ ಬೋರಿನ ಸಾಕ್ಷ್ಯವಿಲ್ಲದೆ ಇವುಗಳ ಮಾತನ್ನು ಅರ್ಥೈಸುವುದು ಕಷ್ಟ. ಇನ್ನು ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಹಳೆಯ ನಕ್ಷೆ. ಮೆಜೆಸ್ಟಿಕ್ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯಂಗಳದಲ್ಲಿ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯಂಗಳದಲ್ಲಿ. ಇದನ್ನು ತಿಳಿಯಲು ಯಾವ ಯಂತ್ರವೂ ಬೇಡ.

ನನ್ನ ಮಟ್ಟಿಗೆ ಈ ಕಸುಬಿನ ಅತಿ ದೊಡ್ಡ ಸುಧಾರಣೆಯು ಯಂತ್ರದ್ದಲ್ಲ, ದಫ್ತರದ್ದು. ಬ್ರಿಟನ್ನಿನ ಭೂವೈಜ್ಞಾನಿಕ ಸಂಸ್ಥೆಯು ಹತ್ತು ಲಕ್ಷಕ್ಕೂ ಮಿಕ್ಕಿದ ಬೋರುಗಳ ದಾಖಲೆಯನ್ನು ಕೂಡಿಟ್ಟಿದೆ. ಅವುಗಳಲ್ಲಿ ಬಹುಪಾಲನ್ನು ಯಾರು ಬೇಕಾದರೂ ಹಣ ತೆರದೆ ನೋಡಬಹುದು. ಹಿಂದಿನ ತಲೆಮಾರಿನವರು ಕೈಯಲ್ಲಿ ಬರೆದಿಟ್ಟ ಹಾಳೆಗಳೂ ಅಲ್ಲುಂಟು. ನಮ್ಮ ಊರುಗಳಲ್ಲಿಯೂ ಬೋರು ಕೊರೆಯುವುದೇನು ಕಡಮೆಯಲ್ಲ. ಆದರೆ ಕಟ್ಟಡವೆದ್ದ ಮೇಲೆ ಆ ವರದಿಯು ಯಾರದೋ ಬೀರುವನ್ನು ಸೇರುತ್ತದೆ. ಪಕ್ಕದ ನಿವೇಶನದವನು ಮತ್ತೆ ಮೊದಲಿನಿಂದ ಕೊರೆಸುತ್ತಾನೆ, ಇಲ್ಲವೆ ಕೊರೆಸದೆಯೇ ಕಟ್ಟುತ್ತಾನೆ.