ಒಂದು ಕಂಪ್ಯೂಟರಿಗೆ ಎಷ್ಟು ಕಾವಲುಗಾರರು ಬೇಕು?

ಮಕ್ಕಳೇ, ನಿಮ್ಮ ಶಾಲೆಯ ಕಂಪ್ಯೂಟರಿನ ಗುಂಡಿ ಒತ್ತಿದ ಮೇಲೆ ಅದು ಕೆಲಸಕ್ಕೆ ಸಿದ್ಧವಾಗಲು ಎಷ್ಟು ನಿಮಿಷ ಬೇಕು? ಗಡಿಯಾರ ನೋಡಿ ಎಂದಾದರೂ ಲೆಕ್ಕ ಹಾಕಿದ್ದೀರಾ? 10 ನಿಮಿಷ ಹಿಡಿದರೆ, 40 ನಿಮಿಷದ ತರಗತಿಯ ಕಾಲು ಭಾಗ ಕಾಯುವುದರಲ್ಲೇ ಮುಗಿಯಿತು. ಸರದಿಯ ಕೊನೆಯಲ್ಲಿ ನಿಂತವರಿಗೆ ಆ ದಿನ ಮೌಸ್ ಹಿಡಿಯುವ ಅವಕಾಶವೇ ಸಿಗುವುದಿಲ್ಲ.

ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಕಡೆಯ ಶಾಲೆಗಳಿಗೆ ನಾನು ಹೋದಾಗ, “ಕಂಪ್ಯೂಟರ್ ಬಹಳ ನಿಧಾನ ಸಾರ್, ವೈರಸ್ ಬಂದಿರಬೇಕು. ಇನ್ನೊಂದು ಆಂಟಿವೈರಸ್ ಹಾಕಿಸೋಣವೇ?” ಎಂದು ಕೇಳುವವರಿದ್ದಾರೆ. ಒಂದಕ್ಕಿಂತ ಎರಡು ಮೇಲು ಎಂದು ತೋರುವುದು ಸಹಜವೇ. ಆದರೆ ನನ್ನ ಅಭಿಪ್ರಾಯ ಬೇರೆ. ಸದಾ ಎಚ್ಚರವಾಗಿರುವ ಕಾವಲು ಒಂದೇ ಇರಬೇಕು. ಏಕೆ ಎಂದು ಹೇಳುತ್ತೇನೆ, ನೀವೇ ಯೋಚಿಸಿ ನೋಡಿ.

ಕಂಪ್ಯೂಟರ್ ವೈರಸ್ ನೆಗಡಿ ತರುವ ವೈರಸ್‌ನಂಥದ್ದಲ್ಲ. ಅದು ಯಾರೋ ಮನುಷ್ಯರು ಬರೆದ ಸೂಚನೆಗಳ ಸರಣಿ. ತನ್ನ ಪ್ರತಿಗಳನ್ನು ತಾನೇ ಮಾಡಿಕೊಂಡು ಹರಡುವುದು ಅದರ ಗುಣ. 1986ರಲ್ಲಿ ಪಾಕಿಸ್ತಾನದ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ಎಂಬ ವೈರಸ್ ಫ್ಲಾಪಿಗಳ ಮೂಲಕ ದೇಶದಿಂದ ದೇಶಕ್ಕೆ ಹೋಯಿತು. ಇಂದು ಫ್ಲಾಪಿಯ ಜಾಗದಲ್ಲಿ ಪೆನ್ ಡ್ರೈವ್ ಇದೆ. ವೈರಸ್ ಸೇರಿದಂತೆ ಎಲ್ಲ ಬಗೆಯ ಹಾನಿಕಾರಕ ತಂತ್ರಾಂಶಗಳಿಗೂ ‘ಮಾಲ್‌ವೇರ್’ ಎಂಬುದು ಒಟ್ಟು ಹೆಸರು. ಆಂಟಿವೈರಸ್, ಆಂಟಿ ಮಾಲ್‌ವೇರ್ ಎಂದು ಹೆಸರು ಬೇರೆಯಾದರೂ ಈಗ ಎರಡೂ ಮಾಡುವ ಕೆಲಸ ಬಹುಮಟ್ಟಿಗೆ ಒಂದೇ.

ಸಿರುಗುಪ್ಪದ ಒಂದು ಅಕ್ಕಿ ಗಿರಣಿಯನ್ನು ಊಹಿಸಿಕೊಳ್ಳಿ. ರಾತ್ರಿ ಇಬ್ಬರು ಕಾವಲುಗಾರರಿದ್ದಾರೆ, ಆದರೆ ಒಬ್ಬರಿಗೊಬ್ಬರು ಪರಿಚಯವಿಲ್ಲ. ಒಳಗೆ ಬರುವ ಪ್ರತಿ ಚೀಲವನ್ನೂ ಇಬ್ಬರೂ ಬಿಚ್ಚಿ ನೋಡುತ್ತಾರೆ. ಒಬ್ಬ ಚೀಲಕ್ಕೆ ಕೈ ಹಾಕಿದರೆ ಇನ್ನೊಬ್ಬ “ಯಾರದು?” ಎಂದು ಅವನನ್ನೇ ಹಿಡಿಯುತ್ತಾನೆ. ಹೊರಗೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ.

ಕಂಪ್ಯೂಟರಿನೊಳಗೂ ಹೀಗೆಯೇ. ನೀವು ಒಂದು ಕಡತ ತೆರೆದಾಗ ಆಂಟಿವೈರಸ್ ಅದನ್ನು ತಡೆದು ಪರೀಕ್ಷಿಸಿ ಆಮೇಲೆ ಬಿಡುತ್ತದೆ. ಎರಡು ಇದ್ದರೆ ಒಂದೇ ಕಡತಕ್ಕೆ ಎರಡು ತಪಾಸಣೆ. ಒಂದು ಹಿಡಿದಿಟ್ಟ ವೈರಸ್ಸನ್ನು ಕಂಡು ಇನ್ನೊಂದು ಬೊಬ್ಬೆ ಹಾಕಬಹುದು. ಎರಡೂ ಮೆಮೊರಿಯನ್ನು ಬಳಸುವುದರಿಂದ ಹಳೆಯ ಯಂತ್ರ ಇನ್ನಷ್ಟು ಬಳಲುತ್ತದೆ.

ಇಂಥ ತಂತ್ರಾಂಶಗಳಲ್ಲಿ ಹಲವು ಕಂಪ್ಯೂಟರಿನ ಒಳಕೋಣೆಯಲ್ಲೇ ಕೂತು ಕೆಲಸ ಮಾಡುತ್ತವೆ. ಅಲ್ಲಿ ಎಡವಟ್ಟಾದರೆ ಇಡೀ ಯಂತ್ರವೇ ನಿಲ್ಲಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ರಕ್ಷಣಾ ತಂತ್ರಾಂಶಕ್ಕೆ ದೋಷವಿದ್ದ ಒಂದು ಅಪ್‌ಡೇಟ್ ಬಂದು, ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ಕೆಟ್ಟು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಒಂದು ಕಾವಲೇ ಇಷ್ಟು ಆಳಕ್ಕೆ ಇಳಿದಿರುವಾಗ ಅಲ್ಲಿ ಇನ್ನೊಂದನ್ನು ತುರುಕುವುದು ಜಾಣತನವೇ?

ವಿಂಡೋಸ್ 10 ಮತ್ತು 11ರಲ್ಲಿ ‘ಡಿಫೆಂಡರ್’ ಎಂಬ ಆಂಟಿವೈರಸ್ ಮೊದಲೇ ಇರುತ್ತದೆ. ನೀವು ಬೇರೊಂದು ಆಂಟಿವೈರಸ್ ಹಾಕಿದರೆ ಡಿಫೆಂಡರ್ ಸಾಮಾನ್ಯವಾಗಿ ತಾನೇ ಪಕ್ಕಕ್ಕೆ ಸರಿಯುತ್ತದೆ. ಅದನ್ನು ತಯಾರಿಸಿದವರೇ ಎರಡು ಕಾವಲು ಒಟ್ಟಿಗೆ ಬೇಡವೆಂದು ಹಾಗೆ ರೂಪಿಸಿದ್ದಾರೆ.

“ಒಂದರ ಕಣ್ಣು ತಪ್ಪಿದರೆ?” ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಎಲ್ಲವನ್ನೂ ಹಿಡಿಯುವ ಆಂಟಿವೈರಸ್ ಇನ್ನೂ ಹುಟ್ಟಿಲ್ಲ. ಅದಕ್ಕೂ ದಾರಿ ಇದೆ. ಕರೆದಾಗ ಮಾತ್ರ ಬಂದು, ಪರೀಕ್ಷಿಸಿ ಹೋಗುವ ತಂತ್ರಾಂಶಗಳಿವೆ. ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ, ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇಂಥವು. ಭಾರತ ಸರ್ಕಾರದ ‘ಸೈಬರ್ ಸ್ವಚ್ಛತಾ ಕೇಂದ್ರ’ವೂ 2017ರಿಂದ ಉಚಿತ ಸಾಧನಗಳನ್ನು ಒದಗಿಸುತ್ತಿದೆ. ಇವು ಮನೆಯಲ್ಲೇ ಉಳಿಯುವ ಕಾವಲುಗಾರರಲ್ಲ, ಸಂಶಯ ಬಂದಾಗ ಕರೆಸುವ ಎರಡನೆಯ ವೈದ್ಯರಿದ್ದಂತೆ.

ಕಾವಲುಗಾರರ ಸಂಖ್ಯೆಗಿಂತ ಬಾಗಿಲ ಚಿಲಕ ಮುಖ್ಯ. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಮಾಲ್‌ವೇರ್ ಅನೇಕ ದೇಶಗಳ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲೇ ಬಂದಿತ್ತು. ಅದನ್ನು ಹಾಕಿಕೊಂಡಿದ್ದವರಿಗೆ ಆ ಬಿರುಕಿನ ಭಯವಿರಲಿಲ್ಲ.

ಹಾಗಾದರೆ ನೀವೇನು ಮಾಡಬಹುದು? ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಎಷ್ಟು ಆಂಟಿವೈರಸ್‌ಗಳಿವೆ ಎಂದು ಶಿಕ್ಷಕರ ಜೊತೆ ಕೂತು ನೋಡಿ. ಎರಡಿದ್ದರೆ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಅನ್‌ಇನ್‌ಸ್ಟಾಲ್ ಮಾಡಲು ಅವರನ್ನು ಕೇಳಿ. ಪರದೆಯ ಮೇಲಿನ ಚಿತ್ರವನ್ನು ಅಳಿಸಿದರೆ ತಂತ್ರಾಂಶ ಹೋಗುವುದಿಲ್ಲ, ನೆನಪಿರಲಿ. ಉಳಿಸಿಕೊಂಡದ್ದನ್ನೂ ವಿಂಡೋಸನ್ನೂ ಅಪ್‌ಡೇಟ್ ಮಾಡಿಸಿ. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್ ಡ್ರೈವನ್ನು ಸ್ಕ್ಯಾನ್ ಮಾಡದೆ ತೆರೆಯಬೇಡಿ. ನೀವು ಬರೆದ ಪಾಠ, ಬಿಡಿಸಿದ ಚಿತ್ರಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ.

ಇದನ್ನು ಮಾಡುವ ಮೊದಲು ಕಂಪ್ಯೂಟರ್ ಸಿದ್ಧವಾಗಲು ಹಿಡಿದ ಸಮಯವನ್ನು ಮೂರು ದಿನ ಬರೆದಿಡಿ. ಮಾಡಿದ ಮೇಲೆ ಮತ್ತೆ ಮೂರು ದಿನ ಬರೆಯಿರಿ. ನಾನು ಹೇಳಿದ್ದು ಸರಿಯೋ ತಪ್ಪೋ ಎಂಬುದನ್ನು ನಿಮ್ಮ ಅಂಕಿಗಳೇ ಹೇಳಲಿ. ಉಳಿದ ನಿಮಿಷಗಳನ್ನು ಮಾತ್ರ ಸರದಿಯ ಕೊನೆಯಲ್ಲಿ ನಿಂತವರಿಗೆ ಕೊಡಿ.