ತಿಪ್ಪೆಯ ಮೇಲೆದ್ದ ಮೈದಾನ ಯಾರಪ್ಪನ ಸ್ವತ್ತು?

"ನಗರಸಭೆ ಹತ್ರ ದುಡ್ಡಿಲ್ಲ. ಮೈದಾನ ನೋಡಿಕೊಳ್ಳೋದು ಅದರ ಕೈಲಾಗೋಲ್ಲ. ಕ್ಲಬ್ಬಿಗೆ ಕೊಟ್ಟುಬಿಡಿ, ಅವರೇ ಚೆನ್ನಾಗಿ ನೋಡಿಕೊಳ್ತಾರೆ."

ಉತ್ತರ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಈ ಮಾತು ಹೊಸದಲ್ಲ. 2010ರಿಂದ ಈಚೆಗೆ ಲಂಡನ್ನಿನ ಸರ್ಕಾರ ಸ್ಥಳೀಯ ಸಂಸ್ಥೆಗಳ ಅನುದಾನಕ್ಕೆ ಕತ್ತರಿ ಹಾಕುತ್ತ ಬಂದ ಮೇಲೆ ಇದಕ್ಕೆ ಇನ್ನಷ್ಟು ಗಂಟಲು ಬಂದಿದೆ. ಈಜುಕೊಳ, ಗ್ರಂಥಾಲಯ, ಆಟದ ಬಯಲು ಎಲ್ಲವೂ ನಗರಸಭೆಗಳಿಗೆ ಈಗ ಹೊರೆ. ಹೊರೆ ಇಳಿಸಲು ಹೆಗಲು ಬೇಕಲ್ಲ, ರಗ್ಬಿ ಲೀಗ್ ಆಡುವ ಊರುಗಳಲ್ಲಿ ಆ ಹೆಗಲು ಕ್ಲಬ್ಬಿನದು.

ನಾವು ಇದಕ್ಕೆ ತಕರಾರು ತೆಗೆಯುತ್ತೇವೆ. ಕ್ಲಬ್ಬಿಗೆ ಬೀಗದ ಕೈ ಕೊಡಲಿ. ಹುಲ್ಲು ಕತ್ತರಿಸಲಿ, ದೀಪ ಹಾಕಲಿ, ಟಿಕೆಟ್ಟು ಹರಿಯಲಿ, ನಮ್ಮ ಅಡ್ಡಿಯಿಲ್ಲ. ಹಕ್ಕುಪತ್ರ ಮಾತ್ರ ಕೊಡಕೂಡದು. ಮಾರುವ, ಅಡವಿಡುವ, ಇನ್ನೊಬ್ಬರ ಕೈಗೆ ದಾಟಿಸುವ ಅಧಿಕಾರ ಕೊಡಕೂಡದು. ಯಾಕೆ ಎಂಬುದಕ್ಕೆ ಬ್ರಾಡ್‌ಫರ್ಡ್ ಎಂಬ ಒಂದು ಉಣ್ಣೆಗಿರಣಿ ಊರಿನ ತೊಂಬತ್ತು ವರ್ಷದ ಲೆಕ್ಕ ತೆಗೆದರೆ ಸಾಕು.

ಆ ದೂರದೂರಿನ ಉಸಾಬರಿ ನಿಮಗ್ಯಾಕ್ರಪ್ಪಾ ಎಂದು ಕೇಳುವವರಿದ್ದಾರೆ. ಗೆಳೆಯರೆ, ಬ್ರಾಡ್‌ಫರ್ಡಿನ ಓಡ್ಸಲ್ ಮೈದಾನ ಎದ್ದದ್ದು ತಿಪ್ಪೆಯ ಮೇಲೆ. ತಿಪ್ಪೆ ಹೊತ್ತವರ ಹೆಸರು ಚರಿತ್ರೆಯಲ್ಲಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಈ ಉಸಾಬರಿ.

ಮೊದಲು ಈ ಆಟದ ಹುಟ್ಟು ತಿಳಿಯಬೇಕು. ರಗ್ಬಿ ಇಂಗ್ಲೆಂಡಿನ ಸಿರಿವಂತರ ಮಕ್ಕಳ ಶಾಲೆಗಳಲ್ಲಿ ಬೆಳೆದ ಆಟ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಯಾರ್ಕ್‌ಷೈರ್, ಲ್ಯಾಂಕಾಷೈರ್ ಸೀಮೆಯ ಕಲ್ಲಿದ್ದಲು ಗಣಿಯವರು, ಗಿರಣಿ ಕೂಲಿಗಳು ಅದನ್ನು ಕೈಗೆತ್ತಿಕೊಂಡರು. ದಣಿಗಳ ಮಕ್ಕಳನ್ನು ಸೋಲಿಸಲೂ ತೊಡಗಿದರು. ಆದರೆ ಶನಿವಾರವೂ ದುಡಿಯುವವನು ಪರಊರಿಗೆ ಆಡಲು ಹೋದರೆ ಅವತ್ತಿನ ಕೂಲಿ ಕೈಬಿಡುತ್ತಿತ್ತು. ಕೈಬಿಟ್ಟ ಕೂಲಿಯನ್ನಷ್ಟೇ ಕಟ್ಟಿಕೊಡಿ ಎಂದು ಉತ್ತರದ ಕ್ಲಬ್ಬುಗಳು ಕೇಳಿದವು. 1893ರಲ್ಲಿ ಲಂಡನ್ನಿನಲ್ಲಿ ಸೇರಿದ ರಗ್ಬಿ ಯೂನಿಯನ್ನಿನ ಸಭೆ 282ಕ್ಕೆ 136 ಮತಗಳಿಂದ ಆಗುವುದಿಲ್ಲ ಎಂದಿತು. ಕಾರಣ? ಆಟವೆಂದರೆ ಶುದ್ಧ ಹವ್ಯಾಸ. ದುಡ್ಡು ಮುಟ್ಟಿದರೆ ಮೈಲಿಗೆ.

ಉಂಡು ಢರ್ರನೆ ತೇಗುವವನಿಗೆ ಮಡಿ ಸುಲಭ. ಕೂಲಿ ಕಳೆದುಕೊಂಡವನ ಹೆಂಡತಿ ಮಕ್ಕಳು ಆ ವಾರ ಏನು ತಿನ್ನಬೇಕು ಎಂದು ಆ 282 ಮಂದಿ ಕೇಳಲಿಲ್ಲ. 1895ರ ಆಗಸ್ಟ್ 29ರಂದು ಹಡ್ಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ಹೊರಬಿದ್ದವು. ಬೇರೆ ಸಂಘ ಕಟ್ಟಿದವು, ಮುಂದೆ ತಂಡಕ್ಕೆ ಹದಿನೈದರ ಬದಲು ಹದಿಮೂರು ಮಂದಿ ಎಂದು ನಿಯಮವನ್ನೂ ಬದಲಿಸಿದವು. ರಗ್ಬಿ ಲೀಗ್ ಎಂಬ ಆಟ ಹುಟ್ಟಿದ್ದು ಹೀಗೆ, ಕೂಲಿಯ ಪ್ರಶ್ನೆಯಿಂದ. ಸುಮಾರು ನೂರು ವರ್ಷ, 1995ರವರೆಗೆ, ಈ ಆಟ ಆಡಿದವನಿಗೆ ಆ ಮಡಿ ರಗ್ಬಿಯಲ್ಲಿ ಬಹಿಷ್ಕಾರ. ಜಾತಿಯಿಲ್ಲದ ದೇಶವೆಂದು ಇಂಗ್ಲೆಂಡನ್ನು ಹೊಗಳುವ ನಮ್ಮ ಮೇಷ್ಟ್ರುಗಳು ಇದನ್ನು ಒಮ್ಮೆ ಪಾಠ ಮಾಡಲಿ. ಕಾರ್ಡಿಫ್ ಬಂದರಿನ ಬಡ ಕೇರಿಯಿಂದ ಬಂದ ಕಪ್ಪು ಆಟಗಾರ ಬಿಲ್ಲಿ ಬಾಸ್ಟನ್ 1953ರಲ್ಲಿ ವಿಗನ್ ಕ್ಲಬ್ಬು ಸೇರಿದರು. ರಗ್ಬಿ ಲೀಗಿನವರೊಬ್ಬರಿಗೆ ಮೊಟ್ಟಮೊದಲ ಬಾರಿಗೆ 'ಸರ್' ಪದವಿ ಸಿಕ್ಕಿದ್ದು 2025ರಲ್ಲಿ, ಅವರಿಗೇ, ತೊಂಬತ್ತು ವರ್ಷವಾದ ಮೇಲೆ!

ಬಂಡಾಯದಿಂದ ಹುಟ್ಟಿದ ಆಟ ಎಂದು ಇದನ್ನು ಕರೆಯಲು ನಮಗೆ ಸಂಕೋಚವಿಲ್ಲ. ಹಾಗೆ ಹುಟ್ಟಿದ್ದೆಲ್ಲ ಹಾಗೇ ಉಳಿಯುತ್ತೆ ಅನ್ನೋ ಭ್ರಮೆಯೂ ಇಲ್ಲ. ಬ್ರಾಡ್‌ಫರ್ಡನ್ನೇ ನೋಡಿ. ಹೊರಬಿದ್ದವರ ಮೊದಲ ವರ್ಷದ ಪಂದ್ಯಾವಳಿ ಗೆದ್ದದ್ದು ಅದೇ ಊರಿನ ಮ್ಯಾನಿಂಗ್‌ಹ್ಯಾಮ್ ಕ್ಲಬ್ಬು. 1903ರಲ್ಲಿ ಫುಟ್‌ಬಾಲಿನಲ್ಲಿ ಕಾಸು ಹೆಚ್ಚೆಂದು ಅದು ರಗ್ಬಿಗೆ ಕೈಮುಗಿದು ಬ್ರಾಡ್‌ಫರ್ಡ್ ಸಿಟಿಯಾಯಿತು. 1907ರಲ್ಲಿ ಊರಿನ ಇನ್ನೊಂದು ಕ್ಲಬ್ಬೂ ಅದೇ ದಾರಿ ಹಿಡಿಯಿತು. ಅದರ ಜೊತೆಗೆ ಪಾರ್ಕ್ ಅವೆನ್ಯೂ ಮೈದಾನವೂ ಫುಟ್‌ಬಾಲಿಗೆ ಹೋಯಿತು. ಜನ ಅದನ್ನು 'ಮಹಾದ್ರೋಹ' ಎಂದು ಕರೆದರು. ರಗ್ಬಿ ಬಿಡಲೊಪ್ಪದವರು ಬ್ರಾಡ್‌ಫರ್ಡ್ ನಾರ್ದರ್ನ್ ಎಂಬ ಹೊಸ ಕ್ಲಬ್ಬು ಕಟ್ಟಿಕೊಂಡು ಕಾಲು ಶತಮಾನ ಬಡ ಮೈದಾನಗಳಲ್ಲಿ ಕಾಲ ನೂಕಿದರು.

ಆಗ ಒದಗಿ ಬಂದದ್ದು ನಗರಸಭೆ. ಊರ ಹೊರಗೆ ಓಡ್ಸಲ್ ಎಂಬಲ್ಲಿ ಕಲ್ಲು ತೆಗೆದು ಬಿಟ್ಟ ದೊಡ್ಡ ಗುಂಡಿ. ಊರಿನ ಕಸ ಸುರಿಯುತ್ತಿದ್ದದ್ದು ಅಲ್ಲಿ. 1933ರ ಜೂನಿನಲ್ಲಿ ಹತ್ತು ವರ್ಷದ ಗುತ್ತಿಗೆಗೆ ಕ್ಲಬ್ಬು ಅದನ್ನು ಹಿಡಿಯಿತು. ನಗರಸಭೆಯ ನೈರ್ಮಲ್ಯ ವಿಭಾಗದ ಮುಖ್ಯಸ್ಥ ಅರ್ನೆಸ್ಟ್ ಕಾಲ್ ಎಂಬಾತ ಒಂದು ಉಪಾಯ ಮಾಡಿದ. ಕಸವನ್ನು ಬೇಕಾಬಿಟ್ಟಿ ಸುರಿಯುವ ಬದಲು ಗುಂಡಿಯ ಸುತ್ತ ಹದವಾಗಿ ಪೇರಿಸುತ್ತ ಹೋದರೆ ಜನ ನಿಲ್ಲುವ ದಿಬ್ಬ ತಾನಾಗಿ ಏಳುತ್ತದೆ. ಹಾಗೆ ಸುರಿದದ್ದು 1,40,000 ಗಾಡಿ ಮನೆಕಸ. ಕಲ್ಲಿದ್ದಲು ಉರಿಸುತ್ತಿದ್ದ ಆ ಕಾಲದಲ್ಲಿ ಮನೆಕಸ ಎಂದರೆ ಬಹುಪಾಲು ಒಲೆಯ ಬೂದಿಯೇ. ಉಣ್ಣೆಗಿರಣಿಯವರ ಒಲೆಯ ಬೂದಿ, ಮುರಿದ ಪಿಂಗಾಣಿ, ಚಿಂದಿ. ಅದರ ಮೇಲೆ ಮೈದಾನ. 1934ರ ಸೆಪ್ಟೆಂಬರ್ 1ರಂದು ಅದು ತೆರೆಯಿತು.

ಕಾಲ್‌ನ ಹೆಸರು ಇವತ್ತಿಗೂ ಹೇಳುತ್ತಾರೆ. ಹೇಳಲಿ, ಉಪಾಯ ಆತನದೇ. ಆ 1,40,000 ಗಾಡಿಗಳಿಗೆ ಕಸ ತುಂಬಿದ, ಹೊಡೆದುಕೊಂಡು ಬಂದ, ಸಲಿಕೆ ಹಿಡಿದು ಹರಡಿದ ಮಂದಿಯ ಹೆಸರು ಯಾರೂ ಹೇಳುವುದಿಲ್ಲ. ಅವರಿಗೆ ಸಂಬಳ ಕೊಟ್ಟದ್ದು ಊರಿನ ಕಂದಾಯ. ಕಸ ಊರಿನದು, ದುಡಿಮೆ ಊರಿನದು, ಕಾಸು ಊರಿನದು. ಇಷ್ಟೆಲ್ಲ ಆದ ಮೇಲೆ ನೆಲ ಯಾರದು ಎಂದು ಕೇಳಲು ವಕೀಲನೇ ಬೇಕೆ?

1954ರ ಮೇ 5ರಂದು ಈ ಬೂದಿಗುಡ್ಡದ ಮೇಲೆ ನಿಂತು ಆಟ ನೋಡಿದವರು ಲೆಕ್ಕಕ್ಕೆ ಸಿಕ್ಕಂತೆ 1,02,569 ಮಂದಿ. ಚಾಲೆಂಜ್ ಕಪ್ಪಿನ ಮರುಪಂದ್ಯ, ವಾರಿಂಗ್ಟನ್ನಿಗೂ ಹ್ಯಾಲಿಫ್ಯಾಕ್ಸಿಗೂ. ಒಂಬತ್ತು ವರ್ಷ ಕಳೆದು, 1963ರ ನವೆಂಬರಿನಲ್ಲಿ, ಅದೇ ಮೈದಾನದಲ್ಲಿ ಬ್ರಾಡ್‌ಫರ್ಡಿನ ಆಟ ನೋಡಲು ಬಂದವರು 324. ಮುಂದಿನ ತಿಂಗಳೇ ಕ್ಲಬ್ಬು ಬಾಗಿಲು ಹಾಕಿತು.

ಇಲ್ಲಿ ನಿಂತು ಯೋಚಿಸಬೇಕು. ಕ್ಲಬ್ಬು ಸತ್ತಿತು, ಮೈದಾನ ಸಾಯಲಿಲ್ಲ. ಯಾಕಂದ್ರೆ ಅದು ಕ್ಲಬ್ಬಿನ ಆಸ್ತಿಯಾಗಿರಲಿಲ್ಲ. ಸಾಲಗಾರರು ಬಂದು ಜಪ್ತಿ ಮಾಡಬಹುದಾಗಿದ್ದದ್ದು ಚೆಂಡು, ಅಂಗಿ, ಕುರ್ಚಿಗಳನ್ನು. ಬೂದಿಗುಡ್ಡ ನಗರಸಭೆಯದು, ಅದನ್ನು ಹೊತ್ತೊಯ್ಯುವಂತಿರಲಿಲ್ಲ. ಹಳೆಯ ಆಟಗಾರರಾದ ಟ್ರೆವರ್ ಫಾಸ್ಟರ್, ಜೋ ಫಿಲಿಪ್ಸ್ ಮುಂತಾದವರು ಊರವರನ್ನು ಸೇರಿಸಿ, ಚಂದಾ ಎತ್ತಿ, 1964ರಲ್ಲಿ ಹೊಸ ಕ್ಲಬ್ಬು ಕಟ್ಟಿದಾಗ ಕಾಲೂರಲು ನೆಲ ಅಲ್ಲೇ ಇತ್ತು.

ನೆಲ ತಮ್ಮದಾಗಿದ್ದ ಕ್ಲಬ್ಬುಗಳ ಕತೆ ಏನಾಯಿತು? ಲೀಡ್ಸ್ ಊರಿನ ಹಂಸ್ಲೆಟ್ ಕ್ಲಬ್ಬಿನ ಪಾರ್ಕ್‌ಸೈಡ್ ಮೈದಾನ ಮಾರಾಟವಾಯಿತು, 1973ರಲ್ಲಿ ಕ್ಲಬ್ಬೇ ಮುಚ್ಚಿತು. ಅಭಿಮಾನಿಗಳು ಮತ್ತೆ ಕಟ್ಟಿದ ಕ್ಲಬ್ಬು ನಾಯಿ ಓಟದ ಅಂಗಳದಲ್ಲೂ ಆಡಬೇಕಾಯಿತು. ಅಲೆದಲೆದು ನೆಲೆ ಸಿಕ್ಕಿದ್ದು 1995ರಲ್ಲಿ, ಲೀಡ್ಸ್ ನಗರಸಭೆಯ ಸ್ಟೇಡಿಯಂನಲ್ಲಿ. ಹ್ಯಾಲಿಫ್ಯಾಕ್ಸಿನ ಥ್ರಂ ಹಾಲ್ 1998ರಲ್ಲಿ ಬರಿದಾಯಿತು, ಈಗ ಅಲ್ಲಿರೋದು ಅಸ್ಡಾ ಸೂಪರ್‌ಮಾರ್ಕೆಟ್ಟು. ಕ್ಲಬ್ಬು ಹೋಗಿ ಸೇರಿದ್ದು ಅಲ್ಲಿನ ನಗರಸಭೆಯ ಮೈದಾನವನ್ನು. ವಿಗನ್ನಿನ ಸೆಂಟ್ರಲ್ ಪಾರ್ಕ್ 1999ರಲ್ಲಿ ಮುಗಿಯಿತು, ಅಲ್ಲಿ ಟೆಸ್ಕೊ ಅಂಗಡಿ. ಬಿಲ್ಲಿ ಬಾಸ್ಟನ್ ಓಡಿದ ಹುಲ್ಲಿನ ಜಾಗದಲ್ಲಿ ಈಗ ಬಿಸ್ಕತ್ತು, ಸೋಪು ಮಾರುತ್ತಾರೆ.

ಇಷ್ಟು ಕಂಡ ಮೇಲೂ "ಕ್ಲಬ್ಬಿಗೆ ಕೊಟ್ಟರೆ ಭದ್ರ" ಎನ್ನುವವರಿಗೆ ಭದ್ರ ಎಂಬ ಮಾತಿನ ಅರ್ಥವೇ ಬೇರೆ ಇರಬೇಕು.

ಇನ್ನು ಓಡ್ಸಲಿನ ಎರಡನೇ ಅಧ್ಯಾಯ. 1995ರಲ್ಲಿ ಮುರ್ಡೋಕನ ಟಿವಿ ದುಡ್ಡು ಈ ಆಟಕ್ಕೆ ನುಗ್ಗಿತು. ಚಳಿಗಾಲದ ಆಟ ಬೇಸಿಗೆಗೆ ಹೋಯಿತು. ಬ್ರಾಡ್‌ಫರ್ಡ್ ನಾರ್ದರ್ನ್ ಹೋಗಿ ಬ್ರಾಡ್‌ಫರ್ಡ್ ಬುಲ್ಸ್ ಬಂತು, ಅಂದರೆ ಗೂಳಿ. 1997ರಿಂದ 2005ರ ನಡುವೆ ಗೂಳಿ ನಾಲ್ಕು ಸಲ ಸೂಪರ್ ಲೀಗ್ ಗೆದ್ದಿತು. ಚೆನ್ನಾಗಿ ಆಡಿದರು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಷ್ಟರಲ್ಲಿ ಹತ್ತು ವರ್ಷದ ಗುತ್ತಿಗೆಯ ಕಾಲ ಹೋಗಿ, ಓಡ್ಸಲ್ ಮೇಲೆ ಕ್ಲಬ್ಬಿನ ಕೈಯಲ್ಲಿದ್ದದ್ದು ತಲೆಮಾರುಗಟ್ಟಲೆ ನಡೆಯುವ ಗುತ್ತಿಗೆ. ಅಷ್ಟು ಉದ್ದದ ಗುತ್ತಿಗೆ ಒಡೆತನದ ತಮ್ಮನೇ ಸರಿ. ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿದೆ. ಬೆಲೆ ಇದ್ದದ್ದು ಇಂದಲ್ಲ ನಾಳೆ ಬಿಕರಿಗೆ ಬರಲೇಬೇಕು, ಬಂತು. 2012ರ ಜನವರಿಯಲ್ಲಿ, ಕೈ ಖಾಲಿಯಾದ ಕ್ಲಬ್ಬು ತನ್ನ ಗುತ್ತಿಗೆಯನ್ನು ಆಟದ ಆಡಳಿತ ಸಂಸ್ಥೆಯಾದ ರಗ್ಬಿ ಫುಟ್‌ಬಾಲ್ ಲೀಗಿಗೆ ಮಾರಿತು. ತಾನು ಕಟ್ಟದ ಗುಡ್ಡವನ್ನು ಮಾರಿ ತಾನು ಮಾಡಿದ ಸಾಲದ ಬಾಯಿಗೆ ಹಾಕಿತು. ಅಷ್ಟಾದರೂ ಹೊಟ್ಟೆ ತುಂಬಲಿಲ್ಲ. ಅದೇ ವರ್ಷ ದಿವಾಳಿಯ ಹಾದಿ, 2014ರಲ್ಲಿ ಮತ್ತೊಮ್ಮೆ, 2016ರ ಕೊನೆಗೆ ಇನ್ನೊಮ್ಮೆ. 2017ರ ಜನವರಿ 3ರಂದು ಕಂಪನಿ ಬರಖಾಸ್ತು.

ಎರಡನೇ ಸಾವು. ಮತ್ತೆ ಹೊಸ ಕಂಪನಿ, ಮತ್ತೆ ಅದೇ ಬೂದಿಗುಡ್ಡ. ಆ ಗುತ್ತಿಗೆ ಕೊಂಡವರು ಅಂಗಡಿ ಕಟ್ಟುವವರಾಗಿರದೆ ಆಟದವರೇ ಆಗಿದ್ದದ್ದು ಊರಿನ ಪುಣ್ಯ. 2012ರ ವ್ಯವಹಾರದಲ್ಲೂ ನೆಲದ ಮೂಲ ಹಕ್ಕು ನಗರಸಭೆಯಲ್ಲೇ ಉಳಿದದ್ದು ಇನ್ನೊಂದು ಪುಣ್ಯ. ಪುಣ್ಯವನ್ನು ನಂಬಿ ಎಷ್ಟು ದಿನ ಬದುಕೋದು? ಮುಂದೆ ಹೊಸ ಕ್ಲಬ್ಬೇ ಖರ್ಚು ಭರಿಸಲಾರೆನೆಂದು 2020ರ ಸಾಲಿಗೆ ಡ್ಯೂಸ್‌ಬರಿಯ ಮೈದಾನಕ್ಕೆ ಗುಳೆ ಹೋಗಿ, 2021ರಲ್ಲಿ ತಿರುಗಿ ಬಂತು.

ಹಾಗಂತ ನಗರಸಭೆಯೇನು ದೇವರಲ್ಲ. ಓಡ್ಸಲಿನ ಪಕ್ಕದಲ್ಲೇ ರಿಚರ್ಡ್ ಡನ್ ಕ್ರೀಡಾ ಕೇಂದ್ರವಿದೆ. 1976ರಲ್ಲಿ ಮೊಹಮ್ಮದ್ ಅಲಿಯ ಎದುರು ನಿಂತು ಹೊಡೆತ ತಿಂದ ಬ್ರಾಡ್‌ಫರ್ಡಿನ ಬಾಕ್ಸರ್ ಆತ, ಕಸುಬಿನಲ್ಲಿ ಕಟ್ಟಡಗಳಿಗೆ ಸಾರುವೆ ಕಟ್ಟುವ ಕೂಲಿಯಾಳು. ಕೂಲಿಯಾಳಿನ ಹೆಸರನ್ನು ಕಟ್ಟಡಕ್ಕಿಟ್ಟ ನಗರಸಭೆಯೇ 2019ರಲ್ಲಿ ಅದಕ್ಕೆ ಬೀಗ ಹಾಕಿತು. ಕೆಡವಲು ಹೊರಟಿತ್ತು. 2022ರಲ್ಲಿ ಅದು ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ್ದರಿಂದ ಗೋಡೆಗಳು ಉಳಿದವು. ನಗರಸಭೆಯ ಗೋಳೂ ಸುಳ್ಳಲ್ಲ: 2024ರಲ್ಲಿ ಬ್ರಾಡ್‌ಫರ್ಡ್ ಸರ್ಕಾರದ ಮುಂದೆ ವಿಶೇಷ ನೆರವಿಗೆ ಕೈಯೊಡ್ಡಿತು. ಅದಕ್ಕೂ ಹಿಂದೆ ಓಡ್ಸಲ್ ದುರಸ್ತಿಗೆಂದು ಕೇಳಿದ ಅನುದಾನವನ್ನು ಲಂಡನ್ 2023ರ ಜನವರಿಯಲ್ಲಿ ತಳ್ಳಿಹಾಕಿತ್ತು. ಮೊದಲು ಅನುದಾನ ಕತ್ತರಿಸೋದು, ಆಮೇಲೆ ನೋಡ್ರೀ ನಿಮ್ಮ ಕೈಲಾಗೋಲ್ಲ ಅನ್ನೋದು, ಕೊನೆಗೆ ಖಾಸಗಿಗೆ ಕೊಡಿ ಎಂದು ಬುದ್ಧಿ ಹೇಳೋದು. ಈ ಹುನ್ನಾರಕ್ಕೆ ಇಂಗ್ಲಿಷ್ ಬೇಕಿಲ್ಲ, ಎಲ್ಲ ಭಾಷೆಯಲ್ಲೂ ಅರ್ಥವಾಗುತ್ತದೆ. ಆದರೂ ಒಂದು ವ್ಯತ್ಯಾಸವಿದೆ. ಬೀಗ ಹಾಕಿದ ನಗರಸಭೆಯನ್ನು ಜನ ಓಟಿನಲ್ಲಿ ಕೇಳಬಹುದು. ಕಂಪನಿಯ ನಿರ್ದೇಶಕನನ್ನು ಕೇಳಲು ಅವನ ಷೇರು ಇರಬೇಕು.

ಬ್ರಾಡ್‌ಫರ್ಡಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. 1950, 60ರ ದಶಕಗಳಲ್ಲಿ ಉಣ್ಣೆಗಿರಣಿಗಳ ರಾತ್ರಿ ಪಾಳಿಗೆ ಮೀರ್‌ಪುರದಿಂದ, ಪಂಜಾಬಿನಿಂದ ಜನ ಹೋದರು. ಊರಿನವರು ಒಲ್ಲೆನೆಂದ ಪಾಳಿ ಅದು. 2021ರ ಜನಗಣತಿಯಂತೆ ಇಂದು ಅಲ್ಲಿನ ಹೆಚ್ಚೂಕಡಿಮೆ ಮೂರರಲ್ಲೊಬ್ಬರು ಏಷ್ಯಾ ಮೂಲದವರು. ಇಂಗ್ಲೆಂಡ್ ಪರವಾಗಿ ರಗ್ಬಿ ಆಡಿದ ಮೊದಲ ಮುಸ್ಲಿಮ ಇಕ್ರಂ ಬಟ್, 1995ರಲ್ಲಿ. ಅದಾಗಿ ಮೂವತ್ತು ವರ್ಷ ಕಳೆದರೂ ಆ ಒಂದು ಹೆಸರನ್ನೇ ಹೇಳುತ್ತಿರಬೇಕಾಗಿದೆ. ಗಿರಣಿ ಕೂಲಿಯ ಮೊಮ್ಮಗಳು ಈ ಮೈದಾನದೊಳಕ್ಕೆ ನಾಗರಿಕಳಾಗಿ ಕಾಲಿಡಬೇಕೋ, ಟಿಕೆಟ್ಟು ಕೊಂಡ ಗಿರಾಕಿಯಾಗಿಯೋ? ನೆಲ ನಗರಸಭೆಯದಾದರೆ ಅವಳ ಶಾಲೆ ಹೋಗಿ ನಮಗೂ ದಿನ ಕೊಡಿ ಎಂದು ಹಕ್ಕಿನಿಂದ ಕೇಳಬಹುದು. ಕ್ಲಬ್ಬಿನದಾದರೆ ಬೇಡಬೇಕು.

ಕ್ಲಬ್ಬುಗಳ ಮೇಲೆ ನಮಗೆ ಹಗೆಯಿಲ್ಲ. ಕೂಲಿಗಾಗಿ ಹೊರಬಿದ್ದವರ ಸಂತಾನ ಅವು. ಗೇಟು ಕಾಯುವವರು, ಅಂಗಿ ಒಗೆಯುವವರು, ಸಂಬಳವಿಲ್ಲದೆ ಹುಡುಗರಿಗೆ ಆಟ ಕಲಿಸುವವರು ಅಲ್ಲಿದ್ದಾರೆ. ಮೈದಾನ ನಡೆಸಲು ಅವರಿಗಿಂತ ಬೇರೆ ಯಾರು ಬೇಕು? ನಡೆಸಲಿ. ಆದರೆ ಗುತ್ತಿಗೆ ಇಪ್ಪತ್ತು ವರ್ಷ ಮೀರಬಾರದು. ಅದನ್ನು ಮಾರುವಂತಿರಬಾರದು, ಬ್ಯಾಂಕಿಗೆ ಇಡುವಂತಿರಬಾರದು. ಕಂಪನಿ ಮುಳುಗಿದ ದಿನವೇ ಮೈದಾನ ನಗರಸಭೆಗೆ ಮರಳಬೇಕು. ಶಾಲೆಗಳಿಗೆ ವಾರದಲ್ಲಿ ಎಷ್ಟು ದಿನ ಎಂಬುದನ್ನು ಕಾಗದದಲ್ಲೇ ಬರೆಯಬೇಕು, ಬಾಯಿಮಾತು ಬೇಡ. ಲೆಕ್ಕಪತ್ರ ವರ್ಷಕ್ಕೊಮ್ಮೆ ಊರ ಮುಂದೆ ಬರಬೇಕು.

2026ರ ಸಾಲಿಗೆ ಬುಲ್ಸ್ ಮತ್ತೆ ಸೂಪರ್ ಲೀಗಿಗೆ ಹತ್ತಿದೆ. ಇನ್ನು ಟಿವಿಯವರು ಬರುತ್ತಾರೆ, ಆಸನ ಹೆಚ್ಚಿಸಬೇಕು ಎನ್ನುತ್ತಾರೆ, ಬಂಡವಾಳಗಾರರನ್ನು ಕರೆತರುತ್ತಾರೆ, ಗುಡ್ಡದ ಮೇಲೆ ಹೊಸ ಕಾಗದ ಹಾಸುತ್ತಾರೆ. ಅಂಥ ಯಾವ ಕಾಗದ ಬಂದರೂ ಸಹಿ ಬೀಳುವ ಮೊದಲು ಬ್ರಾಡ್‌ಫರ್ಡಿನ ಕೌನ್ಸಿಲರುಗಳನ್ನು ನಿಲ್ಲಿಸಿ ಕೇಳಬೇಕು: ಈ ಕ್ಲಬ್ಬು ಮೂರನೇ ಸಲ ಸತ್ತರೆ ಬೀಗದ ಕೈ ಯಾರ ಜೇಬಿನಲ್ಲಿರುತ್ತದೆ? ಅದನ್ನು ಹೇಳುವ ಸಾಲು ಈ ಕಾಗದದಲ್ಲಿ ಎಲ್ಲಿದೆ, ಬೆರಳಿಟ್ಟು ತೋರಿಸಿ.